ಸುಮ್ಮನೆ ಕೂತ ಕೈ

ಹಾಳೆಗಳಲ್ಲೆಲ್ಲ ಎಡಗೈಗಳು. ಒಂದರಲ್ಲಿ ಮಾತ್ರ ಬಲಗೈ.

ಡ್ರಾಯಿಂಗ್ ಟೀಚರ್ ಆ ಒಂದನ್ನು ಎಳೆದು ಬೇರೆ ಇಟ್ಟರು. ಸಿಕ್ಕಿಬಿದ್ದಳು ಎಂದುಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿದರು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.

ವಿಷಯ ಕೊಟ್ಟವರು ಹೆಡ್‌ಮಾಸ್ಟರ್: ನಿಮ್ಮದೇ ಒಂದು ಕೈಯನ್ನು ನೋಡಿ ಬರೆಯಿರಿ. ಗೆದ್ದವರಿಗೆ ಕಲಾ ಕಾಲೇಜಿನಲ್ಲಿ ಒಂದು ಸೀಟು, ಪೂರ್ತಿ ಉಚಿತ. ಸ್ಪರ್ಧೆಯಲ್ಲಿ ಟೀಚರ ಮಗಳೂ ಇದ್ದಳು. ಹಾಗಾಗಿ ಅವರನ್ನು ಪರೀಕ್ಷೆಯ ಕೋಣೆಗೆ ಬಿಟ್ಟಿರಲಿಲ್ಲ. ಹೆಸರುಗಳ ಮೇಲೆ ಕಪ್ಪು ಕಾಗದ ಅಂಟಿಸಿ ಹಾಳೆಗಳನ್ನು ಕೈಗೆ ಕೊಟ್ಟಿದ್ದರು.

"ಯಾರದ್ದು ಯಾವುದು ಅಂತ ನಿಮಗೂ ಗೊತ್ತಾಗಲ್ಲ ಮೇಡಂ, ಆ ಧೈರ್ಯದ ಮೇಲೇ ನಿಮಗೆ ಕೊಡ್ತಿದೀನಿ," ಎಂದಿದ್ದರು ಹೆಡ್‌ಮಾಸ್ಟರ್.

ಪಾಪ, ಅವರು ಗಣಿತದ ಮನುಷ್ಯ. ಪೆನ್ಸಿಲ್ ಹಿಡಿದ ಕೈ ಚಿತ್ರಕ್ಕೆ ಕೂರುವುದಿಲ್ಲ, ಕೂರುವುದು ಇನ್ನೊಂದು ಕೈ ಎಂಬುದು ಅವರಿಗೆ ಹೊಳೆದಿರಲಿಲ್ಲ. ಬಲಗೈಯಲ್ಲಿ ಬರೆಯುವವರೆಲ್ಲ ತಮ್ಮ ಎಡಗೈಯನ್ನು ಬರೆದಿದ್ದರು. ಬಲಗೈಯನ್ನು ಬರೆದವರು ಎಡಗೈಯವರೇ ಆಗಬೇಕು. ತರಗತಿಯಲ್ಲಿ ಎಡಗೈಯವಳು ಒಬ್ಬಳೇ, ಸಂಗೀತ ಮೇಷ್ಟ್ರ ಮಗಳು. ಅವಳನ್ನು ಎಲ್ಲರೂ ಕರೆಯುವುದೇ ಎಡಚಿ ಎಂದು.

ಮೇಷ್ಟ್ರ ಮೇಲೆ ಟೀಚರಿಗೆ ಹಳೆಯ ಸಿಟ್ಟಿತ್ತು. ಈ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಬಂದವರು ಸಂಗೀತ, ಚಿತ್ರಕಲೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಟೀಚರ ಮಗಳು ಅಮ್ಮನನ್ನು ಕೇಳದೆ ಸಂಗೀತಕ್ಕೆ ಸೇರಿಬಿಟ್ಟಿದ್ದಳು. ಪಿಟೀಲು ಹಿಡಿದು ವಾರವಾಗಿರಲಿಲ್ಲ, ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ಎಲ್ಲರ ಎದುರು ಬಾಯ್ತುಂಬ ಹೊಗಳಿದರು.

"ನಿಮ್ಮ ಮಗಳ ಎಡಗೈ ಬೆರಳು ತಂತಿ ಮೇಲೆ ಹೇಗೆ ಓಡುತ್ತೆ ನೋಡಿದೀರಾ ಮೇಡಂ? ಬಂಗಾರದ ಕೈ ಕಣ್ರೀ ಅದು."

ಟೀಚರ ಮುಖ ಕೆಂಪಗಾಯಿತು. ಮರುದಿನವೇ ಮಗಳನ್ನು ಅಲ್ಲಿಂದ ಬಿಡಿಸಿ ತಮ್ಮ ತರಗತಿಯಲ್ಲಿ ಕೂರಿಸಿಕೊಂಡರು. ಮಗಳೇ ಶಿಷ್ಯೆಯಾಗದೆ ಕೈತಪ್ಪಿದ ಸಂಕಟ ಟೀಚರಿಗೆ ಎಂದು ಉಳಿದವರು ಟೀ ಕುಡಿಯುತ್ತ ನಕ್ಕರು.

ಪೆನ್ಸಿಲ್ ಹಿಡಿದ ದಿನದಿಂದಲೂ ಮಗಳ ಕೈ ತಿದ್ದಿದವರು ಟೀಚರೇ. ಹುಡುಗಿ ಹೇಳಿದ ಮಾತು ಮೀರುವವಳಲ್ಲ. ಊಟದ ಮೇಜಿನಲ್ಲೂ ಒಂದು ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಮಿಸುಕದೆ ಕೂರುತ್ತಿದ್ದಳು. ಅವಳ ಗೆರೆ ನೆಟ್ಟಗಿತ್ತು, ನೆರಳು ನಯವಾಗಿತ್ತು. ಚಿತ್ರಕ್ಕೆ ಜೀವವೊಂದು ಬಂದಿರಲಿಲ್ಲ, ಅಷ್ಟೇ. ಕಾಲೇಜಿಗೆ ಹೋದರೆ ಅದೂ ಬರುತ್ತದೆ. ತಮಗೆ ದಕ್ಕದೇ ಹೋದ ಕಾಲೇಜು ಅದು, ಮಗಳಿಗೆ ದಕ್ಕಲೇಬೇಕಿತ್ತು.

ಟೀಚರ್ ಬಲಗೈಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಡಿದದ್ದೇ ತಪ್ಪಾಯಿತು. ಅಂಥ ಕೈಯನ್ನು ಈ ಶಾಲೆಯಲ್ಲಿ ಯಾರೂ ಬರೆದಿರಲಿಲ್ಲ. ತಾವೂ ಬರೆದಿರಲಿಲ್ಲ. ಮೇಜಿನ ಮೇಲೆ ಬಿದ್ದುಕೊಂಡ ದಣಿದ ಕೈ, ಇನ್ನು ಸಾಕು ಬಿಡಿ ಎಂದು ಕೇಳುವಂತಿತ್ತು. ಮಣಿಕಟ್ಟಿನ ನರ, ಕಚ್ಚಿದ ಉಗುರು, ನಡುಬೆರಳ ಬದಿಗೆ ಎದ್ದ ಜಡ್ಡು, ಯಾವುದನ್ನೂ ಬಿಟ್ಟಿರಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದು ಇಂಥದ್ದೊಂದನ್ನು ನೋಡುವುದಕ್ಕೇ ಅಲ್ಲವೇ?

ಮರುಕ್ಷಣ ಹೊಟ್ಟೆ ಉರಿಯಿತು. ಕಾಲೇಜಿನ ಸೀಟು ಆ ಮೇಷ್ಟ್ರ ಮನೆಗೆ ಹೋಗಬೇಕೆ?

ಬೆಳಿಗ್ಗೆ ಪರೀಕ್ಷೆಯ ಹೊತ್ತಿನಲ್ಲಿ ಸಂಗೀತದ ಕೋಣೆಯಿಂದ ಪಿಟೀಲು ಅಪಸ್ವರದಲ್ಲಿ ಕಿರುಗುಟ್ಟುತ್ತಿತ್ತು. ಮಗಳ ಚಿಂತೆಗೆ ಮೇಷ್ಟ್ರ ಕೈ ನಡುಗಿರಬೇಕು. ಅದನ್ನು ನೆನೆದು ಟೀಚರಿಗೆ ತುಸು ಖುಷಿಯಾಯಿತು.

ಸೋತ ಹಾಳೆಯ ಬೆನ್ನಿಗೆ ಕೆಂಪು ಶಾಯಿಯಲ್ಲಿ ಒಂದು ಮಾತು ಬರೆದು ಹಿಂದಿರುಗಿಸುವುದು ಅಲ್ಲಿನ ಪದ್ಧತಿ. ಟೀಚರ್ ಮೊದಲು ಹೆಬ್ಬೆರಳಿನಿಂದ ಚಿತ್ರದ ನೆರಳನ್ನೆಲ್ಲ ಉಜ್ಜಿ ಮಸಿ ಮಾಡಿದರು. ಎಡಗೈಯವರು ಬರೆಯುತ್ತಲೇ ಒರೆಸಿಕೊಂಡು ಹೋಗುತ್ತಾರೆ ಎಂದರೆ ಹೆಡ್‌ಮಾಸ್ಟರ್ ನಂಬುತ್ತಾರೆ. ಆಮೇಲೆ ಹಾಳೆ ತಿರುಗಿಸಿ, ಮುದ್ದಾದ ಅಕ್ಷರದಲ್ಲಿ ಬರೆದರು: "ಈ ಕೈ ಚಿತ್ರಕಲೆಗೆ ಹುಟ್ಟಿದ್ದಲ್ಲ. ಇದಕ್ಕೆ ಮತ್ತೆ ಪೆನ್ಸಿಲ್ ಕೊಡಬೇಡಿ."

ಉಳಿದವೆಲ್ಲ ಅವರೇ ಕಲಿಸಿದ ಚಿತ್ರಗಳು, ಒಂದೇ ಅಚ್ಚು. ತೀರಾ ನಯವಾಗಿರುವುದು ಮಗಳದ್ದಲ್ಲದೆ ಇನ್ಯಾರದ್ದು? ಅದಕ್ಕೆ ಮೊದಲ ಸ್ಥಾನ ಕೊಟ್ಟರು.

ಮಧ್ಯಾಹ್ನ ಹೆಡ್‌ಮಾಸ್ಟರ್ ಕಪ್ಪು ಕಾಗದಗಳನ್ನು ಕಿತ್ತು, ಹಾಳೆಗಳನ್ನು ಹಂಚಲು ಚಿತ್ರಕಲೆಯ ಕೋಣೆಗೆ ಹೋದರು. ಟೀಚರ್ ಹಿಂದೆಯೇ ಹೊರಟರು. ಕಾರಿಡಾರಿನಲ್ಲಿ ಸಂಗೀತ ಮೇಷ್ಟ್ರು ಎದುರಾದರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ," ಎಂದರು ಟೀಚರ್, ದನಿಯಲ್ಲಿ ಜೇನು ಸುರಿಸಿ. "ನಿಮ್ಮ ಮಗಳಿಗೆ ಸಂಗೀತಾನೇ ಸರಿ ಅನ್ಸುತ್ತೆ."

"ಅವಳೂ ಅದನ್ನೇ ಅಂದ್ಲು ಮೇಡಂ!" ಮೇಷ್ಟ್ರು ನಕ್ಕರು. "ಪರೀಕ್ಷೆಗೆ ಕೂರಲ್ಲ ಅಂತ ಹಟ ಹಿಡಿದು, ಬೆಳಗಿಂದ ನನ್ನ ಕೋಣೇಲಿ ಪಿಟೀಲು ಕುಯ್ತಾ ಇದ್ಲು. ನಿಮಗೂ ಕೇಳಿಸಿರ್ಬೇಕಲ್ಲ?"

ಟೀಚರ್ ನಿಂತಲ್ಲೇ ನಿಂತರು. ಆ ಜಡ್ಡು ಕಣ್ಣಿಗೆ ಕಟ್ಟಿತು. ಪೆನ್ಸಿಲ್ ಒತ್ತಿ ಒತ್ತಿ ಏಳುವ ಜಡ್ಡು ಅದು. ಎಡಚಿಯ ಬಲಗೈಗೆ ಅದು ಎಲ್ಲಿಂದ ಬರಬೇಕು?

ಚಿತ್ರಕಲೆಯ ಕೋಣೆಯ ಕಿಟಕಿಯಾಚೆ ಕನ್ನಡಕದ ಹುಡುಗನೊಬ್ಬ ಗೆದ್ದ ಹಾಳೆ ಹಿಡಿದು ಕುಣಿಯುತ್ತಿದ್ದ. ಅವನ ಹಿಂದಿನ ಬೆಂಚಿನಲ್ಲಿ ಟೀಚರ ಮಗಳು ತನ್ನ ಹಾಳೆಯ ಬೆನ್ನಿನ ಕೆಂಪು ಅಕ್ಷರಗಳನ್ನು ಓದುತ್ತಿದ್ದಳು. ಅಕ್ಷರ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಓದಿ ಮುಗಿಸಿ, ಪುಟ್ಟ ಹುಡುಗಿಯಾಗಿದ್ದಾಗ ಅಮ್ಮ ರಿಬ್ಬನ್ನಿನಿಂದ ಕುರ್ಚಿಗೆ ಕಟ್ಟಿಹಾಕುತ್ತಿದ್ದ ಎಡಗೈಯಿಂದ ಅವಳು ಪೆನ್ಸಿಲನ್ನು ಕೆಳಗಿಟ್ಟಳು. ಆ ಕೈಯನ್ನು ಮತ್ತೆ ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಸುಮ್ಮನೆ ಕೂತಳು.