ಎರಡನೆಯ ಭಾಗದ ನಂತರ

ಹೋದ ವರ್ಷದ ಸಿಂಫನಿ ಕಛೇರಿಯಲ್ಲಿ ಗಂಡ ಅವಳ ಪಕ್ಕದಲ್ಲೇ ಕೂತಿದ್ದ. ಅಲ್ಲಿ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆ ಮೌನಕ್ಕೇ ಕಾದಿದ್ದವನಂತೆ ಅವನು ಕೆಮ್ಮಿದ್ದ. ಮರುವಾರ ಅಪಘಾತದಲ್ಲಿ ತೀರಿಕೊಂಡ.

ಆಮೇಲೆ ಬಂದ ಆ ಕಛೇರಿಯ ಸಿ.ಡಿ.ಯಲ್ಲಿ ಆ ಕೆಮ್ಮು ಇತ್ತು. ಅವಳು ದಿನವೂ ಸಂಗೀತವನ್ನು ದಾಟಿಸಿ ಅದೊಂದನ್ನೇ ಕೇಳುತ್ತಿದ್ದಳು. ಅವನ ದನಿಯೆಂದು ಅವಳಿಗೆ ಉಳಿದದ್ದು ಅಷ್ಟೇ.

ಕೊನೆಗೊಂದು ದಿನ, ಕಛೇರಿಯನ್ನು ಧ್ವನಿಮುದ್ರಣ ಮಾಡಿದವನ ಸ್ಟುಡಿಯೋ ಹುಡುಕಿಕೊಂಡು ಹೋದಳು.

“ಎರಡನೇ ಭಾಗ ಮುಗಿದ ಮೇಲೆ ಒಂದು ಕೆಮ್ಮು ಕೇಳಿಸುತ್ತಲ್ಲ...”

“ಅಯ್ಯೋ, ಉಳಿದುಬಿಟ್ಟಿದೆಯಾ? ಸಾರಿ ಮೇಡಂ, ತೆಗೆದು ಬೇರೆ ಕೊಡ್ತೀನಿ.”

“ತೆಗೀಬೇಡಿ. ಅದನ್ನೇ ಸ್ವಲ್ಪ ಜೋರು ಮಾಡಿಕೊಡಿ. ನನ್ನ ಗಂಡಂದು ಅದು.”

ಅವನಿಗೆ ನಗು ತಡೆಯಲಾಗಲಿಲ್ಲ. “ಮನೇಲಿ ಕೆಮ್ಮೋದು ಸಾಲದಾ ಮೇಡಂ?”

“ಸಾಲದು,” ಎಂದಳು.

ಅವನು ನಗುತ್ತಲೇ ಹೆಡ್‌ಫೋನ್ ಹಾಕಿಕೊಂಡು ಆ ಜಾಗವನ್ನು ಎರಡು ಸಲ ಕೇಳಿದ.

“ಇದು ನಿಮ್ಮ ಮನೆಯವರದಲ್ಲ ಮೇಡಂ. ಜನ ಕೆಮ್ಮಿದ್ದನ್ನೆಲ್ಲ ನಾನು ಆಗಲೇ ಅಳಿಸಿಬಿಟ್ಟಿದ್ದೆ. ಇದು ಕೋಲು ಹಿಡಿದು ಆರ್ಕೆಸ್ಟ್ರಾ ನಡೆಸ್ತಾರಲ್ಲ, ಆ ಸಾಹೇಬ್ರದು. ಮುಟ್ಟೋಕೆ ಧೈರ್ಯ ಬರಲಿಲ್ಲ.”