ಹನ್ನೆರಡನೆಯ ಗ್ರಾಮೊಫೋನ್

ಯಂತ್ರದೊಳಗೆ ಇಳಿಬಿಟ್ಟ ಬೆರಳಿಗೆ ಒಂದು ಗಂಟು ತಾಕಿತು. ಅಮೇಯ ಟಾರ್ಚಿಗೆ ಕೈ ಚಾಚಿದ.

ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಹಿಂದೆ ಗಿರಮಲ್ಲಪ್ಪನ ಹಳೆ ಸಾಮಾನಿನ ಅಂಗಡಿ. ಅಮೇಯ ಗ್ರಾಮೊಫೋನಿನ ತಟ್ಟೆ ತೆಗೆದು, ಕೆಳಗಿನ ಹಲಗೆ ಎತ್ತಿ, ಟಾರ್ಚ್ ಬಿಟ್ಟು ನೋಡಿದ. ತಟ್ಟೆಯ ವೇಗವನ್ನು ಹದದಲ್ಲಿಡುವ ಮೂರು ಸೀಸದ ಗುಂಡುಗಳು. ಅವನ್ನು ಹಿಡಿದ ಮೂರು ತೆಳು ಉಕ್ಕಿನ ಪಟ್ಟಿಗಳಲ್ಲಿ ಎರಡು ಕಂಪನಿಯವು. ಮೂರನೆಯದು ಮಗ್ಗದ ಹಣಿಗೆಯಿಂದ ಕಿತ್ತು, ನೂಲಿನಿಂದ ನೇಕಾರರ ಗಂಟು ಹಾಕಿ ಬಿಗಿದದ್ದು.

“ಕಂಪನೀದಲ್ಲೇನ್ರಿ?” ಗಿರಮಲ್ಲಪ್ಪನ ಮುಖ ಸಣ್ಣದಾಯಿತು.

“ಅಲ್ಲ. ಯಾರೋ ಕೈ ಹಾಕ್ಯಾರ. ಇರಲಿ, ತಗೋತೀನಿ.”

“ಮಿರಜದಾಗ ಒಬ್ಬ ಮುದುಕರ ಮನಿಯಿಂದ ಬಂದೈತ್ರಿ. ತಾವು ಯಾರ ಕಡಿಂದ ತಗೊಂಡಿದ್ವಿ ಅನ್ನೂದು ಅವರಿಗೆ ಇನ್ನೂ ನೆನಪೈತಿ. ನಂಬರ್ ಕೊಡ್ಲೇನ್ರಿ?”

“ಬ್ಯಾಡ. ಕಾರಿನಾಗ ಇಡು.”

ಜಮಖಂಡಿಯ ಅವನ ವಾಡೆಯಲ್ಲಿ ನಲವತ್ತು ಗ್ರಾಮೊಫೋನುಗಳಿದ್ದವು. ಯಾವ ಸ್ಕ್ರೂ ಮೂಲದ್ದು, ಯಾವುದು ಆಮೇಲೆ ಸೇರಿದ್ದು ಎಂದು ಅವನಷ್ಟು ಖಚಿತವಾಗಿ ಹೇಳುವವರು ಆ ಸೀಮೆಯಲ್ಲಿರಲಿಲ್ಲ. ಕೊಲ್ಹಾಪುರದಿಂದಲೂ ಜನ ಫೋಟೊ ಕಳಿಸಿ ಕೇಳುತ್ತಿದ್ದರು. ಆದರೆ ಅವನು ಹುಡುಕುತ್ತಿದ್ದದ್ದು ಒಂದನ್ನೇ. ಅದು ಊರಿಗೆಲ್ಲ ಗೊತ್ತಿತ್ತು.

ಇಪ್ಪತ್ತೆಂಟು ವರ್ಷದ ಹಿಂದೆ ಅಮೇಯನ ಅಜ್ಜನ ಗ್ರಾಮೊಫೋನ್ ಕೆಟ್ಟಿತ್ತು. ಬನಹಟ್ಟಿಯ ನೇಕಾರ ಯಮನಪ್ಪ ಬಂದು ರಿಪೇರಿ ಮಾಡಿಕೊಟ್ಟ. ಎಂಟೇ ದಿನಕ್ಕೆ ಅದು ಮಾಯವಾಯಿತು. ಅಮೇಯನ ತಂದೆ ಗೋಪಾಳರಾಯರು ಯಮನಪ್ಪನನ್ನು ಹಿಡಿತರಿಸಿದರು. ಅವನು ಒಪ್ಪಲಿಲ್ಲ. ಆಳುಗಳು ಅವನ ಬಲಗೈಯನ್ನು ವಾಡೆಯ ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆದರು. ಎರಡು ಸಲ. ಹತ್ತೊಂಬತ್ತರ ಅಮೇಯ ತುಳಸಿಕಟ್ಟೆಯ ಹತ್ತಿರ ನಿಂತು ಎಲ್ಲವನ್ನೂ ನೋಡಿದ. ಬಾಯಿ ಬಿಡಲಿಲ್ಲ.

ಎಲುಬು ಕೂಡಿತು, ಬೆರಳು ನೆಟ್ಟಗಾಗಲಿಲ್ಲ. ಹರಿದ ಎಳೆ ಕೂಡಿಸಲಾರದವನಿಗೆ ಮಗ್ಗ ಕೊಡುವವರು ಯಾರು? ಯಮನಪ್ಪ ಎಡಗೈಯಲ್ಲಿ ನೂಲಿನ ಕಂಡಿಕೆ ಸುತ್ತಿ ಬದುಕಿದ. ಮಗಳು ಸ್ನೇಹಾಳನ್ನು ನೋಡಲು ಬಂದ ಎರಡು ಕಡೆಯವರು ಓಣಿಯಲ್ಲಿ ವಿಚಾರಿಸಿ, ಕಳ್ಳನ ಮನೆಯೆಂದು ತಿಳಿದು, ಹೊಸ್ತಿಲು ತುಳಿಯದೆ ಹಿಂದಿರುಗಿದರು.

ತಂದೆ ತೀರಿದ ಮೇಲೆ ಅಮೇಯ ಆ ಮನೆಗೆ ಹೋಗತೊಡಗಿದ. ಅಜ್ಜನದು ಎಲ್ಲೆಡೆ ಸಿಗುವ ಮಾದರಿ. ಗುರುತು ಎಂದರೆ ಯಮನಪ್ಪನ ರಿಪೇರಿಯೊಂದೇ. ಮಗ್ಗದ ಊರುಗಳಲ್ಲಿ ಹಣಿಗೆಯ ಪಟ್ಟಿ ಹಾಕುವವರು ಬೇರೆಯವರೂ ಇದ್ದರು. ಅಂಥದ್ದು ಸಿಕ್ಕಾಗಲೆಲ್ಲ ಅಮೇಯ ಬನಹಟ್ಟಿಗೆ ಒಯ್ದು ತೋರಿಸುತ್ತಿದ್ದ. ಹನ್ನೊಂದು ಸಲ ಒಯ್ದಿದ್ದ. ಹನ್ನೊಂದು ಸಲವೂ ಯಮನಪ್ಪ ತಲೆಯಾಡಿಸಿದ್ದ.

“ತಂದಿ ಮಾಡಿದ ಪಾಪ ಮಗ ತೊಳ್ಯಾಕತ್ತಾನ,” ಎಂದು ಯಮನಪ್ಪನ ಹೆಂಡತಿ ದಾನಮ್ಮ ಓಣಿಯಲ್ಲಿ ಹೇಳುತ್ತಿದ್ದಳು.

ಅಂದು ಮಧ್ಯಾಹ್ನ ಬನಹಟ್ಟಿಯಲ್ಲಿ, ಗಿರಮಲ್ಲಪ್ಪನ ಅಂಗಡಿಯಿಂದ ತಂದ ಯಂತ್ರದೊಳಗೆ ಯಮನಪ್ಪ ಹೆಬ್ಬೆರಳನ್ನು ತೂರಿಸಿ ಪಟ್ಟಿಯ ತುದಿ ಸವರಿದ. ಮತ್ತೊಮ್ಮೆ ಸವರಿದ.

“ಇದೇ ರಾಯರ! ತುದಿಗೆ ಕತ್ತರಿ ತಪ್ಪಿ ಓರೆ ಆಗೇತಿ ನೋಡ್ರಿ. ನಂದೇ ಕೈ ಇದು. ದಾನೀ, ಬಾರ ಇಲ್ಲೆ! ಸಿಕ್ತು!”

“ಸರಿಯಾಗಿ ನೋಡು ಯಮನಪ್ಪ. ಇಂಥಾದ್ದು ಬ್ಯಾರೆ ಯಾವುದಕ್ಕರ ಹಾಕಿದ್ದೇನು?”

“ದೇವರಾಣಿ ಇಲ್ರಿ. ಇದೊಂದಕ್ಕೇ.”

ಅಮೇಯ ಗೋಡೆಗೆ ಒರಗಿ ಕೂತುಬಿಟ್ಟ. ಇಪ್ಪತ್ತೆಂಟು ವರ್ಷದ ಭಾರ ಎದೆಯಿಂದ ಇಳಿದಂತಾಗಿ ಅವನ ಕಣ್ಣು ತುಂಬಿದವು. ದಾನಮ್ಮ ಕಾಲಿಗೆ ಬೀಳಹೋದಳು. ಅವನು ತಡೆದ.

“ಯಾರು ಮಾರಿದ್ರು ಅಂತ ಬೆನ್ನ ಹತ್ತಿದ್ರ ಕಳ್ಳ ಸಿಗ್ತಾನಲ್ರಿ?” ಯಮನಪ್ಪ ಮುಂದೆ ಸರಿದು ಕೂತ. “ಸೋಮವಾರ ಮಠದಾಗ ಹಿರೇರು ಕೂಡ್ತಾರ. ಎಲ್ಲಾರ ಮುಂದ ಇಡೂಣ್ರಿ.”

“ಇಡೋಣ. ನಾನೇ ತರ್ತೀನಿ. ಅಲ್ಲೀತನಕ ಗ್ರಾಮೊಫೋನ್ ನನ್ನ ಕಡೆ ಇರಲಿ.”

ಸೋಮವಾರ ಹನ್ನೊಂದಕ್ಕೆ ಅಮೇಯನ ಫೋನ್ ಬಡಿಯಿತು.

“ಎಲ್ಲಿ ಅದೀರಿ ರಾಯರ? ಎಲ್ಲಾರೂ ಬಂದು ಕೂತಾರ. ಸ್ನೇಹಾನೂ ಬಂದಾಳ.”

“ಯಮನಪ್ಪ, ಹೆಂಗ ಹೇಳಲಿ? ಮನಿಗೆ ಒಯ್ದು ಪೂರಾ ಬಿಚ್ಚಿ ನೋಡಿದೆ. ಅದು ನಮ್ಮದಲ್ಲ. ಹೊರಗಿನವರಿಗೆ ಕೊಟ್ಟುಬಿಟ್ಟೆ.”

“ಅಲ್ರಿ, ನನ್ನ ಬೆರಳ...”

“ಬೆರಳು ಮೊದಲಿನಂಗ ಎಲ್ಲಿ ಉಳದಾವು? ಇರಲಿ, ಮತ್ತ ಹುಡುಕೋಣ.”

ಆ ಕಡೆ ಯಾರೋ ನಕ್ಕದ್ದು ಕೇಳಿಸಿತು. ಯಮನಪ್ಪ, “ಆತ್ರಿ. ನಮ್ಮ ಸಲುವಾಗಿ ನೀವರ ಇಷ್ಟು ಓಡಾಡಾಕತ್ತೀರಿ. ದೇವರು ನಿಮಗ ಛಲೋ ಮಾಡ್ಲಿ,” ಎಂದ.

ಅಮೇಯ ಫೋನನ್ನು ಜೇಬಿಗಿಟ್ಟ. ಅವನು ನಿಂತಿದ್ದದ್ದು ಮುಧೋಳ ರಸ್ತೆಯ ಒಂದು ಬೆಲ್ಲದ ಗಾಣದಲ್ಲಿ. ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದ ಹೊಳೆಪ್ಪ, ಅವನು ಕಾರಿನಿಂದ ಇಳಿಸಿದ್ದನ್ನು ನೋಡಿ ಅನುಮಾನಿಸಿದ.

“ಛಲೋ ಐತಲ್ರಿ ಇದು. ಯಾಕ ಸುಡ್ತೀರಿ?”

“ಹುಳ ಹತ್ತ್ಯಾವ. ಹಾಕು.”

ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಗೆಳೆಯರೊಡನೆ ಗೋವಾ ನೋಡುವ ಆಸೆಗೆ, ಅಜ್ಜನ ಗ್ರಾಮೊಫೋನನ್ನು ಮಿರಜಿಗೆ ಒಯ್ದು ಮಾರಿದವನು ತಾನೇ ಎಂಬುದಕ್ಕೆ, ಮಿರಜಿನ ಆ ಮುದುಕರವರೆಗೆ ಜನರನ್ನು ಒಯ್ಯಬಹುದಾಗಿದ್ದ ಒಂದೇ ಸಾಕ್ಷಿ ಬೂದಿಯಾಗುವವರೆಗೆ ಅಮೇಯ ಅಲ್ಲಿಂದ ಕದಲಲಿಲ್ಲ.