ಇಬ್ಬರಿಗೂ ಸಾಕಾಗುವಷ್ಟು ಬೆಳಕು

ಸ್ವಿಚ್ ಬೋರ್ಡಿನ ಮುಚ್ಚಳ ತೆಗೆದೊಡನೆ ತಂಗಿಯ ಮೂಗಿಗೆ ಬಡಿದದ್ದು ಚಿಕ್ಕಂದಿನ ವಾಸನೆ. ಹಳೆಯ ಧೂಳು, ಬೆಚ್ಚಗಾದ ಕರಿ ಸ್ವಿಚ್ಚು, ಚೂರೇ ಚೂರು ಸುಟ್ಟ ರಬ್ಬರು. ಆಗೆಲ್ಲ ಈ ವಾಸನೆ ಬಂದರೆ ಅಪ್ಪ "ಯಾರೂ ಹತ್ತಿರ ಬರಬೇಡಿ" ಎಂದು ಕೂಗುತ್ತಿದ್ದರು; ಅಕ್ಕ ಅವಳನ್ನು ಸೊಂಟಕ್ಕೇರಿಸಿಕೊಂಡು ಅಂಗಳಕ್ಕೆ ಓಡುತ್ತಿದ್ದಳು. ಅಕ್ಕ ಈಗಲೂ ಬೆನ್ನ ಹಿಂದೆಯೇ ನಿಂತಿದ್ದಳು. ಎತ್ತಿಕೊಂಡು ಓಡುವುದಕ್ಕೆ ಮಾತ್ರ ಇಬ್ಬರಿಗೂ ವಯಸ್ಸು ಐವತ್ತು ದಾಟಿತ್ತು.

"ಮೇನ್ ಆಫ್ ಮಾಡಿದೀಯ ತಾನೇ?"

"ಮಾಡಿದೀನಿ. ಟೆಸ್ಟರ್ ಇಟ್ಟೂ ನೋಡಿದೀನಿ. ನೀನು ಟಾರ್ಚ್ ನೆಟ್ಟಗೆ ಹಿಡಿ."

"ಕಾಲೇಜಿನ ಲ್ಯಾಬಲ್ಲಿ ಕಪ್ಪೆ ಕುಯ್ದ ಹಾಗಲ್ಲ ಕಣೆ ಇದು."

"ನಮ್ಮ ಲ್ಯಾಬಲ್ಲಿ ಕಪ್ಪೆ ಇಲ್ಲ ಅಕ್ಕಾ, ಬ್ಯಾಟರಿ ಇದೆ. ಮೂವತ್ತು ವರ್ಷದಿಂದ ಹೇಳ್ತಿದೀನಿ."

ಇಬ್ಬರದೂ ಒಂದೇ ಕೋಣೆ. ಈ ತುದಿಗೆ ಅಕ್ಕನ ಹೊಲಿಗೆ ಯಂತ್ರ, ಆ ತುದಿಗೆ ತಂಗಿಯ ಮಂಚ, ನಡುವೆ ದೀಪ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಓಡಿಸಬೇಕಾದರೆ ಅಕ್ಕನಿಗೆ ಕಣ್ಣು ಕೋರೈಸುವ ಬೆಳಕು ಬೇಕು. ಅರೆತಲೆನೋವು ಎದ್ದಿತೆಂದರೆ ಅದೇ ಬೆಳಕು ತಂಗಿಯ ಕಣ್ಣಿಗೆ ಸೂಜಿ. ಅವಳು ಕೆಲಸದಿಂದ ಬಂದು ಹಣೆ ಹಿಡಿದುಕೊಂಡರೆ ಸಾಕು, ಅಕ್ಕ ಮಾತಿಲ್ಲದೆ ದೀಪ ಆರಿಸಿ, ಅರ್ಧ ಹೊಲಿದದ್ದನ್ನು ಮಡಚಿಡುತ್ತಿದ್ದಳು. ಹೇಳಿದ ಹೊತ್ತಿಗೆ ಬಟ್ಟೆ ಸಿಗದೆ ಗಿರಾಕಿಗಳು ಗೊಣಗತೊಡಗಿದ ಮೇಲೆ, ಎದುರು ಬೀದಿಯ ದರ್ಜಿ ಅಂಗಡಿಯ ಹಿಂಬದಿಯಲ್ಲಿ ಯಂತ್ರಕ್ಕೆ ಜಾಗ ಕೇಳಿಕೊಂಡು ಬಂದಿದ್ದಳು. ಬೆಳಗಾದರೆ ಗಾಡಿ ಬರುವುದಿತ್ತು. ಯಂತ್ರ ಹೋಯಿತೆಂದರೆ ಅಕ್ಕನೂ ಹೋದಂತೆಯೇ. ಮನೆ ಬರೀ ಮಲಗಿ ಏಳುವ ಜಾಗವಾಗುತ್ತದೆ. ಗಾಡಿ ಖಾಲಿಯೇ ಹಿಂದೆ ಹೋಗಬೇಕು ಎಂದು ತಂಗಿ ಪಟ್ಟು ಹಿಡಿದಿದ್ದಳು.

ಅದಕ್ಕೇ ಬೆಳಕನ್ನು ಬೇಕಾದಷ್ಟಕ್ಕೆ ತಗ್ಗಿಸುವ ಈ ಡಿಮ್ಮರ್. ಗೋಡೆ ಒಡೆದು ಇನ್ನೊಂದು ವೈರ್ ಎಳೆಯದೆ ಆಗುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಿ ಹೋಗಿದ್ದ. ಆ ವೈರ್ ಬೇಡದ ಜಾತಿಯದನ್ನೇ ತಂಗಿ ಅಂಗಡಿ ಅಂಗಡಿ ಅಲೆದು ತಂದಿದ್ದಳು. ಫೋನಿನಿಂದಲೂ ಬೆಳಕು ಏರಿಸಿ ಇಳಿಸಬಹುದು, ಮುಂದಿರುವ ಗುಂಡಿ ಒತ್ತಿಯೂ ಆಗುತ್ತದೆ. ಗುಂಡಿ ಇರಲೇಬೇಕಿತ್ತು. "ದೀಪ ಹಾಕೋಕೂ ಸಿಗ್ನಲ್ ಬರ್ಬೇಕೇನೆ?" ಎಂದು ಅಕ್ಕ ಮೊದಲ ದಿನವೇ ಮೂಗು ಮುರಿದಿದ್ದಳು.

ಎರಡು ವೈರು, ಎರಡು ತಿರುಪು. ಮುಚ್ಚಳ ಕೂರಿಸಿ, ಮೇನ್ ಹಾಕಿ, ತಂಗಿ ಗುಂಡಿ ಒತ್ತಿದಳು. ದೀಪ ಹೊತ್ತಿತು. ಸ್ವಲ್ಪ ಇಳಿಸಿದ್ದೇ ತಡ, ಪಟಪಟ ಮಿಣುಕತೊಡಗಿತು. ಇನ್ನೂ ಇಳಿಸಿದರೆ ಇನ್ನೂ ಜೋರು. ತಂಗಿಯ ಎಡಗಣ್ಣಿನ ಹಿಂದೆ ಪರಿಚಿತ ನೋವು ಮೆಲ್ಲಗೆ ಕಾಲೂರಿತು.

"ಸಾಕು ಬಿಡೆ," ಅಕ್ಕ ಅಂದಳು. "ತಲೆನೋವು ವಾಸಿಯಾಗಲಿ ಅಂತ ತಲೆನೋವನ್ನೇ ತಂದು ಗೋಡೆಗೆ ಹಾಕ್ದ ಹಾಗಾಯ್ತು. ನಾಳೆ ಗಾಡಿ ಬರಲಿ."

"ಬರಲ್ಲ." ತಂಗಿ ಸ್ಟೂಲು ಎಳೆದು ಹತ್ತಿದಳು. ಬಲ್ಬಿನ ಬುಡ ಹಳದಿಗಟ್ಟಿತ್ತು. "ಅಕ್ಕಾ, ಮೊನ್ನೆ ಡಿಮ್ಮರಿಗೆ ಅಂತಲೇ ಒಂದು ಬಲ್ಬು ತಂದು ಹಾಕಿದ್ದೆನಲ್ಲ, ಎಲ್ಲಿ ಅದು?"

ಅಕ್ಕ ಟಾರ್ಚನ್ನು ಸುಮ್ಮನೆ ಒಮ್ಮೆ ಹೊತ್ತಿಸಿ ಆರಿಸಿದಳು. "ಬೀರುವಿನಲ್ಲಿದೆ. ಹೊಸ ಬೆಡ್‌ಶೀಟಿನ ಕೆಳಗೆ."

"ಯಾಕೆ?"

"ಹಳೇದು ಇನ್ನೂ ಚೆನ್ನಾಗಿ ಉರೀತಿತ್ತಲ್ಲೇ. ಹೊಸದನ್ನ ಯಾಕೆ ಸವೆಸೋದು ಅಂತ ಬದಲಾಯಿಸ್ದೆ."

ತಂಗಿ ಸ್ಟೂಲಿನ ಮೇಲೆ ನಿಂತಂತೆಯೇ ನಕ್ಕಳು. ನಕ್ಕಿದ್ದಕ್ಕೆ ತಲೆ ಇನ್ನಷ್ಟು ಸಿಡಿಯಿತು.

ಹೊಸ ಬಲ್ಬಿನ ಬೆಳಕು ಕದಲಲಿಲ್ಲ. ತಂಗಿ ಫೋನ್ ಹಿಡಿದು ಮಂಚದ ಮೇಲೆ ಮಲಗಿದಳು, ಅಕ್ಕ ಯಂತ್ರದ ಮುಂದೆ ಕೂತಳು. ತಂಗಿ ಇಳಿಸುತ್ತ ಹೋದಳು.

"ಕಾಣ್ತಿದೆಯಾ?"

"ಚೆನ್ನಾಗಿ ಕಾಣ್ತಿದೆ. ಇನ್ನೂ ಇಳ್ಸು."

"ಈಗ?"

"ಕಾಣ್ತಿದೆ ಕಾಣ್ತಿದೆ. ನನ್ನ ಚಿಂತೆ ಬಿಡು."

"ಹಾಗಾದ್ರೆ ಸೂಜಿಗೆ ದಾರ ಪೋಣಿಸು, ನೋಡೋಣ."

ಅಕ್ಕ ದಾರದ ತುದಿಯನ್ನು ನಾಲಿಗೆಗೆ ಒತ್ತಿ ಸೂಜಿಯ ಕಣ್ಣಿಗೆ ಹಿಡಿದಳು. ದಾರ ಸೂಜಿಯ ಪಕ್ಕದಲ್ಲಿ ಹಾದುಹೋಯಿತು. ಮತ್ತೊಮ್ಮೆ ಹಿಡಿದಳು, ಮತ್ತೆ ಪಕ್ಕಕ್ಕೆ.

"ಸುಳ್ಳಿ," ಎಂದು ತಂಗಿ ಬೆಳಕು ಏರಿಸಿದಳು. "ನನಗೇನೂ ಆಗ್ತಿಲ್ಲ. ಇನ್ನೂ ಬೇಕಾದ್ರೆ ಏರಿಸ್ತೀನಿ."

"ಏನೂ ಆಗದೇ ಇದ್ರೆ ಆ ಹುಬ್ಬು ಯಾಕೆ ಹಾಗೆ ಗಂಟಿಕ್ಕಿದೆ? ನೀನೇನು ಸತ್ಯವಂತೆಯೋ? ಇಳ್ಸು!"

ಏರಿಸಿ ಇಳಿಸಿ, ಬೈದು ಬೈಸಿಕೊಂಡು, ಕೊನೆಗೆ ಒಂದು ಕಡೆ ದಾರ ಸೂಜಿಯ ಕಣ್ಣೊಳಗೆ ನುಸುಳಿತು, ತಂಗಿಯ ಹುಬ್ಬೂ ಸಡಿಲಾಯಿತು. ಆ ಬೆಳಕು ಅಲ್ಲೇ ನಿಲ್ಲುವಂತೆ ತಂಗಿ ಫೋನಿನಲ್ಲಿ ಗುರುತು ಮಾಡಿದಳು. ಅಕ್ಕ ಒಂದು ಇಡೀ ತೋಳು ಹೊಲಿದು ಮುಗಿಸಿದಳು. ಆಮೇಲೆ ಗಾಡಿಯವನಿಗೆ ಫೋನು ಮಾಡಿ, ಬೇರೇನೂ ಹೇಳದೆ, "ನಾಳೆ ಬೇಡಪ್ಪ," ಎಂದಳು. ಎದ್ದು ಅಡುಗೆಮನೆಗೆ ಹೋದಳು.

ಬರುವಾಗ ಕೈಯಲ್ಲಿ ಊಟದ ತಟ್ಟೆಯಿತ್ತು. ತಲೆನೋವಿನ ಕತ್ತಲ ಸಂಜೆಗಳಲ್ಲಿ ಅವಳು ತಟ್ಟೆ ಕೊಡುತ್ತಿದ್ದ ರೀತಿಯೇ ಬೇರೆ. ಮೊದಲು ತಡವಿ ತಂಗಿಯ ಮಣಿಕಟ್ಟು ಹುಡುಕುವಳು, ಅಂಗೈ ಬಿಡಿಸುವಳು, ತಟ್ಟೆಯ ಅಂಚನ್ನು ಅದರೊಳಗೆ ಕೂರಿಸುವಳು. ಇಂದು ಇಡೀ ಕೋಣೆ ಕಾಣುತ್ತಿತ್ತು, ತಟ್ಟೆಯಿಂದ ಏಳುತ್ತಿದ್ದ ಹಬೆಯೂ ಕಾಣುತ್ತಿತ್ತು. ಆದರೂ ಅಕ್ಕನ ಕೈ ಗಾಳಿಯಲ್ಲಿ ತಡವುತ್ತ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

ತಂಗಿ ಕಣ್ಣು ಮುಚ್ಚಿಕೊಂಡು ಅಂಗೈ ಬಿಡಿಸಿದಳು.